ಹಿತ್ತಲ ಹಕ್ಕಿಗಳ ಹಾಜರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 2004ರ ಎಸ್‌ಎಸ್‌ಎಲ್‌ಸಿ ಬ್ಯಾಚಿನವನು. ಆಮೇಲೆ ತಿಪಟೂರಿನಲ್ಲಿ ಪಿಯುಸಿ, ತುಮಕೂರಿನಲ್ಲಿ ಬಿಇ, ಈಗ ಬೆಂಗಳೂರಿನಲ್ಲಿ ಕೆಲಸ. ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ "ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಅವಕಾಶಗಳು" ಎಂದು. ಅದನ್ನು ಮಧ್ಯಾಹ್ನ ಊಟವಾದ ಮೇಲೆ ಹತ್ತನೇ ತರಗತಿಯ ಮಕ್ಕಳ ಜೊತೆ ಕೂತು ಮಾತಾಡುತ್ತೇನೆ, ಏನು ಬೇಕಾದರೂ ಕೇಳಲಿ. ಈ ಇಪ್ಪತ್ತು ನಿಮಿಷ ಮಾತ್ರ ಬೇರೆ ವಿಷಯಕ್ಕೆ ಕೊಡಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡೆ. ಅವರು ನಕ್ಕು ಒಪ್ಪಿದರು. ವಿಷಯ ಇಷ್ಟೇ: ಚಳಿಗಾಲದಲ್ಲಿ ನಮ್ಮ ಹಿತ್ತಲಿಗೆ, ತೆಂಗಿನ ತೋಟಕ್ಕೆ ಬರುವ ಹಕ್ಕಿಗಳು. ಅವನ್ನು ನೋಡುವುದು ಹೇಗೆ, ಅವು ಮುಂದೆಯೂ ಬರಬೇಕಾದರೆ ನಾವು ಏನು ಮಾಡಬೇಕು, ಈ ಶಾಲೆ ಏನು ಮಾಡಬಹುದು.

ನನಗೆ ಈ ಗೀಳು ಹತ್ತಿದ್ದು ಆಫೀಸಿನ ಕೆಲಸದಿಂದಲೇ. ನಮ್ಮ ತಂಡದ ಒಬ್ಬರು ಅಮೆರಿಕದ ಮಿನ್ನೆಸೋಟದಲ್ಲಿದ್ದರು. ವಿಡಿಯೋ ಮೀಟಿಂಗ್ ನಡೆಯುವಾಗ ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಹಿಮ, ಹಿಮದ ನಡುವೆ ಒಂದು ಕಂಬ, ಕಂಬಕ್ಕೆ ನೇತು ಹಾಕಿದ ಕಾಳಿನ ಡಬ್ಬ, ಡಬ್ಬದ ಮೇಲೆ ಕುಂಕುಮದಷ್ಟು ಕೆಂಪಾದ ಕಾರ್ಡಿನಲ್ ಹಕ್ಕಿ. ಮೀಟಿಂಗ್ ಮುಗಿದ ಮೇಲೆ ಅದೇನೆಂದು ಕೇಳಿದೆ. ಅವರು ಹತ್ತು ನಿಮಿಷ ಅದನ್ನೇ ಹೇಳಿದರು. ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುವ ಆ ನಾಡಿನಲ್ಲಿ ಹಗಲು ಚಿಕ್ಕದು, ರಾತ್ರಿ ಉದ್ದ. ಅಂಗೈಯಲ್ಲಿ ಹಿಡಿಯಬಹುದಾದ ಹಕ್ಕಿ ಹಗಲೆಲ್ಲ ತಿಂದು ಕೂಡಿಸಿಕೊಂಡ ಕೊಬ್ಬನ್ನು ರಾತ್ರಿ ಮೈ ಬೆಚ್ಚಗಿಟ್ಟುಕೊಳ್ಳಲು ಸುಟ್ಟು ಮುಗಿಸುತ್ತದೆ. ಬೆಳಿಗ್ಗೆ ಬೇಗ ಆಹಾರ ಸಿಗದಿದ್ದರೆ ಕಷ್ಟ. ಅದಕ್ಕೇ ಅಲ್ಲಿನ ಜನ ಸೂರ್ಯಕಾಂತಿ ಬೀಜ, ಶೇಂಗಾ, ಪ್ರಾಣಿಕೊಬ್ಬಿನ ಉಂಡೆ ಇಡುತ್ತಾರೆ. ಬರೀ ಇಡುವುದಲ್ಲ, ಲೆಕ್ಕ ಬರೆಯುತ್ತಾರೆ. ಅಮೆರಿಕ, ಕೆನಡಾ ಎರಡೂ ಕಡೆ 1987ರಿಂದ "ಪ್ರಾಜೆಕ್ಟ್ ಫೀಡರ್‌ವಾಚ್" ಎಂಬ ಕಾರ್ಯಕ್ರಮ ನಡೆದಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಸಾಮಾನ್ಯ ಜನ ತಮ್ಮ ಹಿತ್ತಲಿಗೆ ಬಂದ ಹಕ್ಕಿಗಳನ್ನು ಎಣಿಸಿ ಕಳಿಸುತ್ತಾರೆ.

ಅವರು ಹೇಳಿದ ಇನ್ನೊಂದು ಮಾತು ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ನಿಮ್ಮ ದೇಶದಿಂದಲೂ ಒಂದು ಕಾಳು ಬರುತ್ತದೆ, ಕಪ್ಪಗೆ, ಸಣ್ಣಗೆ, ಉದ್ದಕ್ಕಿರುತ್ತದೆ. ನಮ್ಮ ಹಳದಿ ಗುಬ್ಬಚ್ಚಿಯಂಥ ಗೋಲ್ಡ್‌ಫಿಂಚ್‌ಗೆ ಅದೆಂದರೆ ಪ್ರಾಣ" ಎಂದರು. ಕ್ಯಾಮೆರಾದ ಮುಂದೆ ಹಿಡಿದು ತೋರಿಸಿದರು. ನೋಡಿದರೆ ನಮ್ಮ ಹುಚ್ಚೆಳ್ಳು! ನಮ್ಮ ಅಜ್ಜಿ ಚಟ್ನಿಪುಡಿ ಕುಟ್ಟುತ್ತಿದ್ದ ಹುಚ್ಚೆಳ್ಳು. ಭಾರತ, ಇಥಿಯೋಪಿಯಾ ಮೊದಲಾದ ದೇಶಗಳ ಹುಚ್ಚೆಳ್ಳು ಅಲ್ಲಿಗೆ ಹೋಗುತ್ತದೆ. ಅದರ ಜೊತೆ ಕಳೆಬೀಜ ಸೇರಿ ಹೋಗಿ ಮೊಳೆಯಬಾರದೆಂದು ಬಿಸಿ ಮಾಡಿಯೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರಬೇಕು, ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ಜೋಳದ ಜೊತೆ ಹುಚ್ಚೆಳ್ಳು ಹಾಕುತ್ತಿದ್ದಿರಿ. ಕಾರ್ತಿಕದಲ್ಲಿ ಹೊಲದ ತುಂಬ ಹಳದಿ ಹೂವು ಇರುತ್ತಿತ್ತು. ಈಗ ಆ ಹೊಲಗಳಲ್ಲಿ ತೆಂಗು ನಿಂತಿದೆ, ಅಡಿಕೆ ನಿಂತಿದೆ. ಹುಚ್ಚೆಳ್ಳು ಬೇಕಾದರೆ ನಾವೂ ಅಂಗಡಿಗೇ ಹೋಗಬೇಕು.

ಈ ಕಾಳಿನ ಡಬ್ಬದ ಸಂಗತಿಯನ್ನು ಊರಿಗೆ ಬಂದಾಗ ಅವ್ವನಿಗೆ ಹೇಳಿದೆ. ಅವ್ವ ನಕ್ಕುಬಿಟ್ಟಳು. "ಹಕ್ಕಿಗೆ ಹಾಕಾಕೆ ದುಡ್ಡು ಕೊಟ್ಟು ಕಾಳು ತರ್ತಾರಾ? ನಮ್ಮಲ್ಲಿ ಹಾಕಿದ್ದನ್ನ ಕಾಯಾಕೇ ಒಬ್ರು ಬೇಕು ಕಣಪ್ಪ" ಅಂದಳು.

ಅವ್ವ ಹೇಳಿದ್ದು ಸರಿ. ನಮ್ಮಲ್ಲಿ ಚಳಿಗಾಲ ಹಕ್ಕಿಗಳಿಗೆ ಉಪವಾಸದ ಕಾಲವಲ್ಲ, ಸುಗ್ಗಿಯ ಕಾಲ. ಧನುರ್ಮಾಸದಲ್ಲಿ ಎಷ್ಟೇ ಚಳಿ ಬಿದ್ದರೂ ಕೆರೆ ನೀರು ಹೆಪ್ಪುಗಟ್ಟುವುದಿಲ್ಲ. ರಾಗಿ ಕೊಯ್ಲಾಗಿ ಬಣವೆ ಕೂತಿರುತ್ತದೆ. ಅವರೆ ಸೊಗಡು ಬಿಟ್ಟಿರುತ್ತದೆ, ಅದರ ಜೊತೆ ಅವರೆ ಹುಳುವೂ. ನುಗ್ಗೆ ಹೂ ಬಿಟ್ಟರೆ ಸೂರಕ್ಕಿ ಹಾಜರು. ಬದುವಿನ ಅತ್ತಿ, ಬಸರಿ ಹಣ್ಣಾದರೆ ಕುಟ್ರುಹಕ್ಕಿ, ಪಿಕಳಾರ, ಕೋಗಿಲೆಗಳ ಸಂತೆ. ಸಗಣಿ ಸಾರಿಸಿದ ಕಣದಲ್ಲಿ ರೋಣಗಲ್ಲು ಹೊಡೆದು ರಾಶಿ ಎತ್ತಿದ ಮೇಲೆ ನೆಲದ ಬಿರುಕಿನಲ್ಲಿ ಉಳಿದ ಕಾಳು ಗುಬ್ಬಿಗೆ, ಬೆಳವಕ್ಕೆ, ರಾಟವಾಳಕ್ಕೆ ತಿಂಗಳುಗಟ್ಟಲೆ ಸಾಕಾಗುತ್ತಿತ್ತು. ಮಹಾಲಯ ಅಮಾವಾಸ್ಯೆಗೆ ಕಾಗೆಗೆ ಎಡೆ ಇಟ್ಟು ಕಾಯುವ ಜನ ನಾವು. ಪಕ್ಕದ ತಾಲ್ಲೂಕಿನ ಹೆಸರೇ ಗುಬ್ಬಿ. ಅಂದರೆ ಹಕ್ಕಿಗೆ ಊಟ ಹಾಕುವ ಡಬ್ಬ ನಮಗೆ ಬೇಕಿರಲಿಲ್ಲ. ಹಿತ್ತಲು, ಕಣ, ಬದು, ಬೇಲಿ ಎಲ್ಲ ಸೇರಿ ಒಂದು ದೊಡ್ಡ ಡಬ್ಬವೇ ಆಗಿತ್ತು. ನಾವು ಅದನ್ನು ತುಂಬಿಸುತ್ತಿದ್ದೇವೆ ಎಂಬುದು ನಮಗೇ ಗೊತ್ತಿರಲಿಲ್ಲ. ಇವತ್ತು ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತೇವೆ, ಇಲ್ಲವೇ ಮಿಷನ್ ಬಂದು ಹೊಲದಲ್ಲೇ ಕೆಲಸ ಮುಗಿಸಿ ಹೋಗುತ್ತದೆ. ಕಣ ಹೋಯಿತು, ಅಕ್ಕಡಿ ಹೋಯಿತು. ಬದುವಿನ ಮರ ತೆಂಗಿಗೆ ನೆರಳೆಂದು ಹೋಯಿತು. ಡಬ್ಬ ಖಾಲಿಯಾಗುತ್ತಿದೆ.

ಇನ್ನು ದೂರದ ಅತಿಥಿಗಳ ವಿಷಯಕ್ಕೆ ಬರುತ್ತೇನೆ. ಕಾಳು ತಿನ್ನುವ ಗುಬ್ಬಿ, ಪಾರಿವಾಳ, ಗಿಳಿ ವರ್ಷಪೂರ್ತಿ ನಮ್ಮವೇ. ಆದರೆ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ನಮ್ಮ ತೋಟಗಳಲ್ಲಿ ಬಾಡಿಗೆದಾರರೂ ಇರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ನಮ್ಮ ಕಾಳು ಬೇಡ. ಹುಳ ಬೇಕು, ನೀರು ಬೇಕು, ಅಡಗಲು ಪೊದೆ ಬೇಕು.

ಮೊದಲನೆಯದು ಕುಂಡೆಕುಸುಕ. ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲ. ಪಂಪ್‌ಸೆಟ್ಟಿನ ನೀರು ಬೀಳುವ ತೊಟ್ಟಿಯ ಬಳಿ, ಕಾಲುವೆಯ ಅಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುತ್ತದೆ. ಹಿಮಾಲಯದಲ್ಲಿ, ಅದರಾಚೆಯ ತಂಪು ನಾಡುಗಳಲ್ಲಿ ಮರಿ ಮಾಡಿ ಇಲ್ಲಿಗೆ ಬರುತ್ತದೆ. ಎರಡನೆಯದು ಬ್ಲೈತ್ಸ್ ಉಲಿಯಕ್ಕಿ. ಇದನ್ನು ನೋಡುವುದಕ್ಕಿಂತ ಕೇಳುವುದು ಸುಲಭ. ಬೇಲಿಯ ಪೊದೆಯೊಳಗೆ ಯಾರೋ ನಾಲಿಗೆ ಲೊಟಕಿದ ಹಾಗೆ "ಚಕ್... ಚಕ್..." ಎನ್ನುತ್ತಿರುತ್ತದೆ. ಕಂದು ಬಣ್ಣ, ಅಲಂಕಾರ ಏನೂ ಇಲ್ಲ. ತೂಕ ಹತ್ತು ಹನ್ನೆರಡು ಗ್ರಾಂ, ಅಂದರೆ ಮೂರು ನಾಣ್ಯದಷ್ಟು. ಇದು ಮೊಟ್ಟೆ ಇಡುವುದು ಫಿನ್ಲೆಂಡ್, ರಷ್ಯಾದಿಂದ ಹಿಡಿದು ಮಧ್ಯ ಏಷ್ಯಾದವರೆಗಿನ ನಾಡುಗಳಲ್ಲಿ. ಅಲ್ಲಿಂದ ಹೊರಟು ಚಿಕ್ಕನಾಯಕನಹಳ್ಳಿಯ ಬೇಲಿಯಲ್ಲಿ ಕೂತು ಹುಳ ಹೆಕ್ಕುತ್ತದೆ. ಮೂರನೆಯದು ಗುಲಾಬಿ ಕಬ್ಬಕ್ಕಿ. ಇದು ಒಂಟಿಯಾಗಿ ಬರುವುದಿಲ್ಲ, ದಂಡೇ ಬರುತ್ತದೆ. ಜೋಳದ ಹೊಲ, ಆಲದ ಹಣ್ಣು, ಮುತ್ತುಗದ ಹೂ ಎಲ್ಲಿದ್ದರೆ ಅಲ್ಲಿ. ತನ್ನ ಊರಾದ ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮಿಡತೆ ತಿನ್ನುವುದರಲ್ಲಿ ಇದಕ್ಕೆ ದೊಡ್ಡ ಹೆಸರು. ಇವಲ್ಲದೆ ತೋಟದ ನೆರಳಿಗೆ ನೊಣಹಿಡುಕ, ತಂತಿಯ ಮೇಲೆ ಕಂದು ಕಳಿಂಗ, ಮರದ ತುದಿಗೆ ಹೊನ್ನಕ್ಕಿ. ಅದೃಷ್ಟವಿದ್ದರೆ ಚಳಿ ಶುರುವಾಗುವ ಹೊತ್ತಿಗೆ, ತರಗೆಲೆ ಗುಡಿಸದೆ ಬಿಟ್ಟ ಮೂಲೆಯಲ್ಲಿ ಒಂಬತ್ತು ಬಣ್ಣದ ನವರಂಗ.

ಕಾಲಿಗೆ ಉಂಗುರ ತೊಡಿಸಿ ಅಭ್ಯಾಸ ಮಾಡಿದವರು ಒಂದು ಸಂಗತಿ ಕಂಡುಕೊಂಡಿದ್ದಾರೆ. ಇಂಥ ಎಷ್ಟೋ ವಲಸೆಹಕ್ಕಿಗಳು ಪ್ರತಿ ಚಳಿಗಾಲ "ಯಾವುದೋ ತೋಟಕ್ಕೆ" ಬರುವುದಿಲ್ಲ. ಹೋದ ವರ್ಷ ಇದ್ದ ತೋಟಕ್ಕೇ, ಇದ್ದ ಮೂಲೆಗೇ ಬರುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಅದೇ ಬೇಲಿ ಹುಡುಕುತ್ತವೆ. ಇದನ್ನು ಓದಿದ ಮೇಲೆ ನಮ್ಮ ಹಿತ್ತಲಿನ ಬೆಲೆ ನನಗೆ ಬೇರೆಯೇ ಆಯಿತು.

ಅವ್ವನ ಪುಸ್ತಕದ ಬಗ್ಗೆ ಎರಡು ಮಾತು ಹೇಳುತ್ತೇನೆ. 2018ರಲ್ಲಿ ಅಪ್ಪ ತೀರಿಕೊಂಡರು. ಬೆಂಗಳೂರಿಗೆ ಬಾ ಅಂದರೆ ಅವ್ವ ಬರಲಿಲ್ಲ. ದಿನಾ ರಾತ್ರಿ ಫೋನ್ ಮಾಡುತ್ತಿದ್ದೆ. "ಊಟ ಆಯ್ತಾ?" "ಆಯ್ತು." "ಮಾತ್ರೆ?" "ನುಂಗ್ದೆ." ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಮಾತುಕತೆ ನಡೆಯುತ್ತಿರಬಹುದು. ಮಕ್ಕಳು ಬೆಂಗಳೂರಲ್ಲಿ, ತಂದೆತಾಯಿ ತೋಟದಲ್ಲಿ. 2019ರ ದಸರಾಕ್ಕೆ ಬಂದಾಗ ಹಿತ್ತಲಲ್ಲಿ ತೊಳೆಯುವ ಕಲ್ಲಿನ ಪಕ್ಕ ಮಣ್ಣಿನ ಅಗಲ ತಟ್ಟೆಯಲ್ಲಿ ನೀರಿಟ್ಟೆ. ಯಾವ ಹಕ್ಕಿ ಬಂತೆಂದು ಹೇಳು ಎಂದು ಹೇಳಿ ಹೋದೆ. ಮೂರನೇ ದಿನಕ್ಕೆ ಅವ್ವನೇ ಫೋನ್ ಮಾಡಿದಳು. "ಬಾಲ ಕುಣಿಸೋದು ಒಂದು ಬಂದೈತೆ ಕಣೋ, ಬೆಳಿಗ್ಗೆ ಆರೂವರೆಗೆ ಸರಿಯಾಗಿ ಬತ್ತೈತೆ." ಹಾಲು ಹಾಕಿದ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಅವ್ವ ಬರೆಯತೊಡಗಿದಳು. ಏಳನೇ ಕ್ಲಾಸಿನವರೆಗೆ ಓದಿದ ಕೈ. ಹೆಸರು ಗೊತ್ತಿಲ್ಲದ್ದಕ್ಕೆ ಅವಳೇ ಹೆಸರಿಟ್ಟಳು. ಕಳಿಂಗಕ್ಕೆ "ಕಣ್ಣಿಗೆ ಕಾಡಿಗೆ ಹಚ್ಚಿದ್ದು", ಉಲಿಯಕ್ಕಿಗೆ "ಲೊಟಕೋದು". ಈಗ ರಾತ್ರಿ ಫೋನ್ ಇಪ್ಪತ್ತು ನಿಮಿಷಕ್ಕೆ ಕಡಿಮೆ ಇರುವುದಿಲ್ಲ. ಊಟದ ವಿಷಯ ಕೇಳಲು ನನಗೇ ಮರೆತುಹೋಗುತ್ತದೆ.

ಆ ಪುಸ್ತಕದಲ್ಲಿ ಒಂದು ಪುಟ ಇದೆ. ಪಕ್ಕದ ತೋಟದವರು ಒಂದು ವರ್ಷ ಹಳೇ ಬೇಲಿ ತೆಗೆಸಿ ತಂತಿ ಜಾಲರಿ ಹಾಕಿಸಿದರು. ಹಂದಿಯ ಕಾಟ, ಕಾಯಿ ಕಳ್ಳರ ಕಾಟ, ಅವರಿಗೆ ಬೇರೆ ದಾರಿ ಇರಲಿಲ್ಲ, ಅವರನ್ನು ನಾನು ದೂರುವುದಿಲ್ಲ. ಕತ್ತಾಳೆ, ಕಳ್ಳಿ, ಕಾರೆ, ಲಂಟಾನ ಹೆಣೆದುಕೊಂಡಿದ್ದ ಬೇಲಿ ಅದು. ಜೆಸಿಬಿ ಅರ್ಧ ದಿನದಲ್ಲಿ ಮುಗಿಸಿತು. ಆ ಸೆಪ್ಟೆಂಬರಿನಲ್ಲಿ ಅವ್ವ ಬರೆದಿದ್ದಾಳೆ: "ಲೊಟಕೋದು ಬರಲಿಲ್ಲ." ಮುಂದಿನ ವಾರ: "ಬರಲಿಲ್ಲ." ಹಾಗೇ ಡಿಸೆಂಬರಿನವರೆಗೆ ವಾರಕ್ಕೊಂದು "ಬರಲಿಲ್ಲ". ಆಮೇಲೆ ಅವ್ವ ನಮ್ಮ ಕಡೆಯ ಅಂಚಿಗೆ, ಜಾಲರಿಗೆ ತಾಗಿದಂತೆ, ದಾಸವಾಳ, ಆಡುಸೋಗೆ, ಕರಿಬೇವು ನೆಟ್ಟು ಸೊಪ್ಪು ಕುಯ್ಯದೆ ಬಿಟ್ಟಳು. ಎರಡು ವರ್ಷಕ್ಕೆ ಪೊದೆ ಮುಚ್ಚಿಕೊಂಡಿತು. ಮೂರನೆಯ ಚಳಿಗಾಲದ ಒಂದು ಬೆಳಿಗ್ಗೆ ಅದರೊಳಗಿಂದ "ಚಕ್" ಕೇಳಿತು. ಅದೇ ಹಕ್ಕಿಯೋ ಬೇರೆಯದೋ ಹೇಳಲಾಗದು. ಅವ್ವ ಮಾತ್ರ ಪುಸ್ತಕದಲ್ಲಿ "ಬಂತು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾಳೆ.

ನಾನು ದಿನಾ ಕೆಲಸ ಮಾಡುವುದು ಡೇಟಾ ಜೊತೆ. ಆ "ಬರಲಿಲ್ಲ" ಎಂಬುದು ಎಷ್ಟು ದೊಡ್ಡ ದಾಖಲೆ ಎಂದು ನನಗೆ ಗೊತ್ತು. ಬಂದದ್ದನ್ನು ಎಲ್ಲರೂ ಬರೆಯುತ್ತಾರೆ. ಬರದಿದ್ದುದನ್ನು ಬರೆಯಬೇಕಾದರೆ ದಿನಾ ನೋಡುತ್ತಿರಬೇಕು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲೂ ಅಷ್ಟೇ ಅಲ್ಲವೇ? ಮೇಷ್ಟ್ರು ಗೈರುಹಾಜರಿಯನ್ನು ಗುರುತು ಹಾಕುವುದರಿಂದಲೇ ಮಗು ಶಾಲೆ ಬಿಡುತ್ತಿದೆ ಎಂಬುದು ಮೊದಲು ಗೊತ್ತಾಗುವುದು.

ಇಂಥ ಸಾಮಾನ್ಯರ ಲೆಕ್ಕಗಳೇ ಸೇರಿ ದೇಶದ ವರದಿಯಾಗಿವೆ. 2023ರಲ್ಲಿ ಬಂದ "ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್" ವರದಿಗೆ ಸುಮಾರು 30,000 ಜನ ಪಕ್ಷಿವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳು ಆಧಾರ. 942 ಜಾತಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ. ಅವುಗಳಲ್ಲಿ ನೂರಕ್ಕೆ 60ರಷ್ಟು ಇಳಿಮುಖ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇಳಿಯುತ್ತಿರುವ ಪಟ್ಟಿಯಲ್ಲಿದೆ. ನವಿಲು ಹೆಚ್ಚಿದೆ, ಅದನ್ನು ಇಲ್ಲಿನ ರೈತರಿಗೆ ವರದಿ ಓದಿ ಹೇಳಬೇಕಾಗಿಲ್ಲ! 2020ರ ವರದಿ ಗುಬ್ಬಚ್ಚಿಯ ಬಗ್ಗೆ ಹೇಳಿದ್ದೂ ಗಮನಿಸುವಂಥದ್ದು. ಬೆಂಗಳೂರಿನಂಥ ಮಹಾನಗರಗಳಲ್ಲಿ ಅದು ಕಡಿಮೆಯಾಗಿದೆ, ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಹಾಗೇ ಇದೆ. ಅಂದರೆ ಗುಬ್ಬಿಯನ್ನು ಉಳಿಸಿಕೊಂಡಿರುವುದು ನಮ್ಮಂಥ ಊರುಗಳು. ಕೊಬ್ಬರಿಗೆಂದು ಕಾಯಿ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುವ ಅಟ್ಟಗಳು, ಹೆಂಚಿನ ಸಂದಿ, ದನದ ಕೊಟ್ಟಿಗೆ, ಇವು ಗುಬ್ಬಿಯ ಮನೆಗಳು.

ಈಗ ಕೈಯಲ್ಲಿ ಆಗುವ ಕೆಲಸಗಳು. ಇವಕ್ಕೆ ಖರ್ಚು ಹೆಚ್ಚಿಲ್ಲ.

ಮೊದಲು ನೀರು. ಬಾಯಿ ಅಗಲವಾದ ಮಣ್ಣಿನ ತಟ್ಟೆ, ಎರಡು ಬೆರಳು ಆಳ ಸಾಕು, ನಡುವೆ ಒಂದು ಕಲ್ಲು. ಬೆಕ್ಕು ಹೊಂಚು ಹಾಕದಂತೆ ಸ್ವಲ್ಪ ಬಯಲಿನಲ್ಲಿರಲಿ, ಹಾರಿ ಕೂರಲು ಗಿಡ ಹತ್ತಿರವಿರಲಿ. ಕಾಳು ತಿನ್ನದ ವಲಸೆಹಕ್ಕಿಯೂ ನೀರಿಗೆ ಬರುತ್ತದೆ.

ಎರಡನೆಯದು, ಕಾಳು ಹಾಕುವವರು ರಾಗಿ, ನವಣೆ, ನುಚ್ಚಕ್ಕಿ ಹಿಡಿಯಷ್ಟೇ ಹಾಕಿ, ಅಂದಂದಿನದು ಅಂದಂದಿಗೆ ಮುಗಿಯಲಿ. ಬೂಸ್ಟು ಹಿಡಿದ ಶೇಂಗಾ, ಹಳಸಿದ ಅನ್ನ, ಉಪ್ಪುಖಾರದ ತಿಂಡಿ ಬೇಡ. ತಟ್ಟೆಯನ್ನು ದಿನಾ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ. ಇದು ಅತಿಯಾದ ಎಚ್ಚರಿಕೆಯಲ್ಲ. ಇಂಗ್ಲೆಂಡಿನಲ್ಲಿ 2005ರಿಂದ ಗ್ರೀನ್‌ಫಿಂಚ್ ಎಂಬ ಹಕ್ಕಿಗೆ ಗಂಟಲಿನ ರೋಗ ಹಬ್ಬಿ ಅದರ ಸಂಖ್ಯೆ ಕುಸಿದುಹೋಯಿತು. ಒಂದೇ ತಟ್ಟೆಗೆ ಹತ್ತಾರು ಹಕ್ಕಿ ಬಾಯಿ ಹಾಕುವುದೂ ರೋಗ ಹರಡುವ ದಾರಿ. ಮುದ್ದಾಗಿ ಹಾಕಿದ ಊಟವೇ ಮುಳುವಾಗಬಾರದು.

ಮೂರನೆಯದು, ಒಂದು ಮೂಲೆ. ತೋಟವನ್ನೆಲ್ಲ ಗುಡಿಸಿ ಒಪ್ಪ ಮಾಡಬೇಡಿ. ಒಂದೆರಡು ಗುಂಟೆ ಪೊದೆ, ತರಗೆಲೆ, ಗರಿ ಬಿದ್ದ ಹಾಗೇ ಇರಲಿ. ಕಳೆನಾಶಕ ಅಲ್ಲಿಗೆ ಹೋಗದಿರಲಿ. ಹುಳ ಇಲ್ಲದ ತೋಟದಲ್ಲಿ ಹುಳ ತಿನ್ನುವ ಹಕ್ಕಿಗೆ ಕೆಲಸವೇನು?

ನಾಲ್ಕನೆಯದು ಸತ್ತ ತೆಂಗಿನ ಮರ. ಸುಳಿ ಹೋಗಿ ಬೋಳಾಗಿ ನಿಂತ ಮರದಲ್ಲಿ ಮರಕುಟಿಗ ತೂತು ಕೊರೆಯುತ್ತದೆ. ಅದು ಬಿಟ್ಟ ಮನೆಗೆ ಗಿಳಿ, ಗೊರವಂಕ, ಹಾಲಕ್ಕಿ ಸೇರುತ್ತವೆ. ಕೊಳೆತ ಬೊಡ್ಡೆಯಲ್ಲಿ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ, ತೆಗೆಯಿರಿ ಎಂದು ತೋಟಗಾರಿಕೆಯವರು ಹೇಳುತ್ತಾರೆ, ಅದೂ ನಿಜ. ನನ್ನ ಬೇಡಿಕೆ ಇಷ್ಟೇ, ಕೊಡಲಿ ಹಾಕುವ ಮೊದಲು ಹತ್ತು ನಿಮಿಷ ನಿಂತು ಮೇಲೆ ನೋಡಿ. ತೂತಿನಲ್ಲಿ ಹಕ್ಕಿ ಓಡಾಡುತ್ತಿದ್ದರೆ ಮರಿ ಹಾರುವವರೆಗೆ ತಡೆಯಿರಿ. ಹಾಗೆಯೇ ಅಟ್ಟದ ಇಲಿಗೆ ಪಾಷಾಣ ಇಡುವಾಗಲೂ ಯೋಚಿಸಿ. ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯುತ್ತದೆ. ಕಾಯಿ ಕಡಿಯುವ ಇಲಿಯನ್ನು ರಾತ್ರಿಯಿಡೀ ಸಂಬಳವಿಲ್ಲದೆ ಹಿಡಿಯುವುದು ಆ ಗೂಬೆಯೇ.

ಐದನೆಯದು ಮಕ್ಕಳಿಗೆ. ಗಿಳಿಮರಿ ಹಿಡಿದು ಪಂಜರದಲ್ಲಿ ಇಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬೆಳಿಗ್ಗೆ ಆರೂವರೆಗೆ ಎದ್ದು ನೋಡಿ, ಪಂಜರವಿಲ್ಲದೆಯೇ ಇಪ್ಪತ್ತು ಗಿಳಿ ಸಿಗುತ್ತವೆ.

ಇಷ್ಟರಿಂದ ಏನಾದೀತು ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವನ್ನು ತೋರಿಸುತ್ತೇನೆ. ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಿಕ್ಕೆ, ವಾಸನೆ, ಗದ್ದಲ ಎಲ್ಲವನ್ನೂ ಸಹಿಸಿಕೊಂಡು ಕಾಪಾಡಿದವರು ಆ ಊರಿನ ಜನ. ಬಿಇ ಓದಿದವರಲ್ಲ, ನಮ್ಮ ನಿಮ್ಮಂಥ ರೈತರು.

ಕೊನೆಯದಾಗಿ ಶಾಲೆಯ ಮುಂದೆ ಎರಡು ಕೋರಿಕೆ ಇಡುತ್ತೇನೆ. ಸುವರ್ಣ ಮಹೋತ್ಸವದ ನಿಧಿಯಿಂದ ಮಹಾದ್ವಾರ, ರಂಗಮಂದಿರ, ಆವರಣಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಎಂದು ಯೋಜನೆ ಮಾಡಿದ್ದೀರಿ. ನನ್ನ ಬ್ಯಾಚಿನವರೂ ಅದಕ್ಕೆ ಹಣ ಕೊಟ್ಟಿದ್ದೇವೆ. ಮುಂದಿನ ಆವರಣಕ್ಕೆ ಹಾಕಿಸಿ, ಮಳೆಯಲ್ಲಿ ಮಕ್ಕಳ ಕಾಲು ಕೆಸರಾಗುವುದು ತಪ್ಪಲಿ. ಆದರೆ ಹಿಂದಿನ ಹೊಂಗೆ ಮರಗಳ ಸಾಲು, ಅದರ ಪಕ್ಕದ ಅತ್ತಿಮರ, ಕಾಂಪೌಂಡಿನ ಮೂಲೆಯ ಪೊದೆ, ಅಷ್ಟನ್ನು ಮಣ್ಣಾಗಿಯೇ ಬಿಡಿ. ಅಲ್ಲಿ ಒಂದು ನೀರಿನ ತೊಟ್ಟಿ ಮಾಡಿಸುವ ಖರ್ಚು ನಮ್ಮ ಬ್ಯಾಚಿನದು.

ಎರಡನೆಯದು, ಗ್ರಂಥಾಲಯದಲ್ಲಿ ಒಂದು ದಪ್ಪ ರಿಜಿಸ್ಟರ್ ಇರಲಿ. ದಿನಕ್ಕೊಂದು ತರಗತಿ, ಪ್ರಾರ್ಥನೆಗೆ ಮುಂಚೆ ಹದಿನೈದು ನಿಮಿಷ, ಹಿಂದಿನ ಆವರಣದಲ್ಲಿ ಕಂಡ ಹಕ್ಕಿ, ಕೇಳಿದ ಹಕ್ಕಿ, ಎಷ್ಟು, ಯಾವ ಹೊತ್ತು. ಬರದಿದ್ದನ್ನೂ ಬರೆಯಿರಿ. ಹೆಸರು ಗೊತ್ತಾಗದಿದ್ದರೆ ನನ್ನ ಅವ್ವನ ಹಾಗೆ ನೀವೇ ಹೆಸರಿಡಿ, ಆಮೇಲೆ ಪುಸ್ತಕ ನೋಡಿ ಸರಿಮಾಡಿಕೊಳ್ಳಿ. ಪೂರ್ಣಚಂದ್ರ ತೇಜಸ್ವಿಯವರ "ಕನ್ನಡ ನಾಡಿನ ಹಕ್ಕಿಗಳು" ಪುಸ್ತಕವನ್ನು ಈಗಲೇ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಫೆಬ್ರವರಿಯಲ್ಲಿ ನಾಲ್ಕು ದಿನ "ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್" ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿ 2013ರಿಂದ ಇಡೀ ಜಗತ್ತಿನದಾಗಿದೆ. ಕನಿಷ್ಠ ಹದಿನೈದು ನಿಮಿಷ ಎಣಿಸಿ "ಇ-ಬರ್ಡ್" ಎಂಬ ಉಚಿತ ಆ್ಯಪ್‌ಗೆ ಸೇರಿಸಿದರೆ ಆಯಿತು. ನಮ್ಮ ದೇಶದಲ್ಲಿ ಅದೇ ದಿನಗಳಲ್ಲಿ ಶಾಲಾ ಕಾಲೇಜುಗಳ "ಕ್ಯಾಂಪಸ್ ಬರ್ಡ್ ಕೌಂಟ್" ಕೂಡ ಇದೆ. ರಿಜಿಸ್ಟರ್‌ನಲ್ಲಿರುವುದನ್ನು ಆ್ಯಪ್‌ಗೆ ಹಾಕಲು ಮೊದಲ ವರ್ಷ ನಾನೇ ಬಂದು ಹೇಳಿಕೊಡುತ್ತೇನೆ. ಸಾಫ್ಟ್‌ವೇರ್ ಕ್ಷೇತ್ರದ ಅವಕಾಶ ಎಂದು ಸಮಿತಿಯವರು ಹೇಳಿದ್ದಕ್ಕೂ ಆಗ ನ್ಯಾಯ ಸಿಕ್ಕಂತಾಗುತ್ತದೆ.

ಈ ಶಾಲೆಗೆ ಐವತ್ತು ತುಂಬಿದೆ. ಐವತ್ತು ವರ್ಷದ ಮಕ್ಕಳ ಹಾಜರಿ ಪುಸ್ತಕಗಳು ಕಚೇರಿಯ ಬೀರುವಿನಲ್ಲಿ ಭದ್ರವಾಗಿವೆ, ನಿನ್ನೆ ಹೋಗಿ ನನ್ನ ಹೆಸರು ನೋಡಿ ಬಂದೆ. ಹಕ್ಕಿಗಳದ್ದೂ ಒಂದು ಹಾಜರಿ ಈ ವರ್ಷ ಶುರುವಾದರೆ, ಶತಮಾನೋತ್ಸವಕ್ಕೆ ಬರುವವರು ಅದನ್ನೂ ತೆಗೆದು ನೋಡುತ್ತಾರೆ. ಯಾವುದು ಬರುತ್ತಿತ್ತು, ಯಾವುದು ನಿಂತಿತು, ಯಾವುದು ಮತ್ತೆ ಬಂತು ಎಂಬುದು ಆಗ ನಿಮ್ಮ ಕೈಬರಹದಿಂದಲೇ ಅವರಿಗೆ ತಿಳಿಯಬೇಕು.